ದೊರೆಸಾನಿಯ ಒಲೆ, ನನ್ನ ಗ್ಯಾಸು

ಸೌದೆ ಒಲೆಯ ರುಚಿಯ ಬಗ್ಗೆ ಯಾರಾದರೂ ಬಾಯಿ ಚಪ್ಪರಿಸಿ ಮಾತಾಡಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಹಾಗೆ ಮಾತಾಡುವವರಲ್ಲಿ ಒಬ್ಬರೂ ಹಸಿ ಸೌದೆ ಊದಿದವರಲ್ಲ. ಊದಿದವಳು ನಾನು. ನಂಜನಗೂಡಿನ ಹುಡುಗಿ, ತಿ. ನರಸೀಪುರದಿಂದ ಬನ್ನೂರಿಗೆ ಹೋಗುವ ದಾರಿಯ ಹಳ್ಳಿಗೆ ಸೊಸೆಯಾಗಿ ಬಂದೆ. ಬಂದ ಮಾರನೆಯ ದಿನದಿಂದ ತೆಂಗಿನ ಗರಿ, ಕಬ್ಬಿನ ತರಗು, ಸಿಕ್ಕಿದ್ದೆಲ್ಲ ಒಟ್ಟಿ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ಆರು ವರ್ಷ ಊದಿದೆ. ಕೆಮ್ಮು ಅಂಟಿಕೊಂಡಿತು. ಡಾಕ್ಟರು, ಬೀಡಿ ಸೇದುವವರಿಗೆ ಹೇಳುವ ಹಾಗೆ, "ಹೊಗೆ ಬಿಟ್ಟುಬಿಡಿ" ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಅತ್ತೆ ಆ ಚೀಟಿಯನ್ನು ಮಡಿಸಿ ಗೋಡೆಯ ಗೂಡಿನಲ್ಲಿಟ್ಟರು. ಅಷ್ಟೇ.

ನನ್ನಪ್ಪ ತಡೆಯಲಾರದೆ ನಂಜನಗೂಡಿನಲ್ಲಿ ಗ್ಯಾಸಿಗೆ ಹೆಸರು ಬರೆಸಿದ್ದ. ವರ್ಷಗಟ್ಟಲೆ ಕಾದ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ಸಿಲಿಂಡರೂ ಸ್ಟೌವೂ ತವರಿನಿಂದ ಗೂಡ್ಸ್ ಆಟೋದಲ್ಲಿ ಬಂದವು. ನಾನು ಸಿಲಿಂಡರಿಗೆ ವಿಭೂತಿ ಹಚ್ಚಿ, ಹೂವಿಟ್ಟು, ಕೈಮುಗಿದೆ.

ಮಾರನೆಯ ದಿನ ಬೆಳಿಗ್ಗೆ ಎದುರುಮನೆಯ ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಓಡಿಬಂದರು. "ಯಾರ್ಗೇನಾಯ್ತವ್ವ? ಒತ್ತಾರೆಯಿಂದ ನಿಮ್ ಹೆಂಚಿನ್ ಮ್ಯಾಲೆ ಒಗೆನೇ ಕಾಣಿಲ್ವಲ್ಲ!"

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಹೊಗೆ ಕಾಣಲಿಲ್ಲ ಎಂದರೆ ನೆರೆಹೊರೆಯವರು ಹೀಗೆ ಗಾಬರಿಬೀಳುವುದು ಸಹಜ. ನಾನು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. "ಅಲ್ಲ ಕಣಮ್ಮಿ, ಬದುಕಿರೋ ಮನೇನ ಸಾವಿನ ಮನೆ ಮಾಡ್ಬುಟ್ಯಲ್ಲ!" ಎಂದರು. ಅವತ್ತಿನಿಂದ ಆ ಸಿಲಿಂಡರನ್ನು ಮನೆಗೆ ಬಂದ ಶನಿಯಂತೆ ನೋಡತೊಡಗಿದರು.

ಸಾಲದ್ದಕ್ಕೆ ದೊರೆಸಾನಿ ಬಂದಳು. ಫ್ರಾನ್ಸಿನವಳು, ಐವತ್ತರ ಆಸುಪಾಸು. ಎರಡು ವರ್ಷ ಮೈಸೂರಿನಲ್ಲಿದ್ದು ಹರುಕುಮುರುಕು ಕನ್ನಡ ಕಲಿತಿದ್ದಳು. ಪೇಟೆ ಸಾಕಾಯಿತಂತೆ, ಹಳ್ಳಿ ಬೇಕಂತೆ. ನಮ್ಮ ಹಿತ್ತಲಿನ ಖಾಲಿ ಕೋಣೆಗೆ ಬಾಡಿಗೆಗೆ ಬಂದು, ಹೊರಗೆ ಮೂರು ಕಲ್ಲು ಹೂಡಿದಳು. ಚಿಕ್ಕಂದಿನಲ್ಲಿ ಅವರ ದೇಶದ ಹಳ್ಳಿಯಲ್ಲಿ ಅಜ್ಜಿ ಮಾಡುತ್ತಿದ್ದ ಅಡುಗೆಯನ್ನು ಮಣ್ಣಿನ ಮಡಕೆಯಲ್ಲಿ, ಸೌದೆ ಉರಿಯಲ್ಲಿ ಮತ್ತೆ ಮಾಡಬೇಕು ಎನ್ನುವುದು ಆಕೆಯ ಆಸೆ. ಅದಕ್ಕೆ ಮಾಂಸ ಬೀಳಬೇಕಂತೆ. ನಮ್ಮದು ಲಿಂಗ ಕಟ್ಟಿದ ಮನೆ, ಹಿತ್ತಲಲ್ಲೂ ಆಗದು ಎಂದರು ಅತ್ತೆ. ಆಕೆ ಒಪ್ಪಿಕೊಂಡು ಬರೀ ಹುರುಳಿಕಾಯಿ ಬೀಜ, ಕ್ಯಾರೆಟ್ಟು, ಈರುಳ್ಳಿ, ಬೆಳ್ಳುಳ್ಳಿ ಹಾಕಿ ಸಣ್ಣ ಉರಿಯಲ್ಲಿ ಐದು ಗಂಟೆ ಬೇಯಿಸಿದಳು. ಅತ್ತೆ ರುಚಿ ನೋಡಿ, "ಒಂದೊಗ್ಗರಣೆ ಬಿದ್ದಿದ್ರೆ ಇನ್ನೂ ಚೆಂದಾಗಿರದು" ಎಂದರು. ಆದರೆ ನಮ್ಮ ಹಿತ್ತಲಿನಿಂದ ಹೊಗೆ ಎದ್ದಿತ್ತಲ್ಲ, ಅವರಿಗೆ ಜೀವ ಬಂದಂತಾಗಿತ್ತು.

ಐದು ಗಂಟೆ ಒಲೆ ಕಾಯುವವರು ಯಾರು? ಆಕೆಗೆ ಕಾಲುವೆ ಏರಿಯ ಮೇಲೆ ನಡೆಯಬೇಕು, ಕೊಕ್ಕರೆಗಳ ಚಿತ್ರ ಬರೆಯಬೇಕು. "ಅಕ್ಕ, ಸ್ವಲ್ಪ ಬೆಂಕಿ ನೋಡ್ತೀರಾ?" ಎಂದು ನಗುತ್ತ ಹೊರಟುಬಿಡುತ್ತಿದ್ದಳು. ಆಗುವುದಿಲ್ಲ ಎನ್ನಲು ನನ್ನ ಹಾಳು ನಾಲಿಗೆ ಏಳುತ್ತಿರಲಿಲ್ಲ. ಒಳಗೆ ಗ್ಯಾಸು ತಣ್ಣಗೆ ಕೂತಿದ್ದರೆ ಹೊರಗೆ ನಾನು ಅದೇ ಊದುಗೊಳವೆ ಹಿಡಿದು ಕೂತಿರುತ್ತಿದ್ದೆ.

ಆಷಾಢದ ಒಂದು ಬೆಳಿಗ್ಗೆ. ಜಿನುಗು ಮಳೆ, ಸೌದೆಯೆಲ್ಲ ತೊಯ್ದಿತ್ತು. ಸೋಗೆಯ ಮರೆಯಲ್ಲಿ ಕೆಮ್ಮುತ್ತ ಊದುತ್ತಿದ್ದಾಗ ನನ್ನ ಗಂಡ ಬಂದು ನಿಂತ.

"ಇಷ್ಟ್ ಚೆಂದಾಗಿ ಒಲೆ ಉರಿಸ್ತೀಯಲ್ಲ, ಮತ್ತೆ ಗ್ಯಾಸ್ ಯಾಕೆ? ತಮ್ಮ ಮೈಸೂರಲ್ಲಿ ಮನೆ ಮಾಡವ್ನೆ. ಅವ್ನಿಗೆ ಕೊಟ್ಬುಡಾನ. ಭಾನುವಾರ ಆಟೋ ತತ್ತೀನಿ ಅಂದವ್ನೆ."

ಜಗಲಿಯಿಂದ ಅತ್ತೆಯೂ ದನಿಗೂಡಿಸಿದರು. "ಪರದೇಶದಿಂದ ಬಂದೋಳೇ ಒಲೇಲಿ ಬೇಯ್ಸ್ಕ ತಿಂತಾಳೆ. ನಿಂಗೇನವ್ವ ಬಂದಿರದು ದೊಡ್ರೋಗ?"

ನನಗೆ ಬಂದ ಸಿಟ್ಟಿಗೆ ಮಡಕೆಯನ್ನು ಎತ್ತಿ ತಿಪ್ಪೆಗೆ ಎಸೆಯಬೇಕು ಅನ್ನಿಸಿತು. ನನ್ನಪ್ಪ ಕೊಟ್ಟ ಗ್ಯಾಸನ್ನು ನನ್ನನ್ನು ಕೇಳದೆ ದಾನ ಮಾಡಲು ಇವರ್ಯಾರು? ಅಷ್ಟರಲ್ಲಿ ದೊರೆಸಾನಿ ಕಾಲಿಗೆ ಕೆಸರು ಮೆತ್ತಿಕೊಂಡು ಹಿತ್ತಲಿಗೆ ಬಂದಳು. ಸಿಟ್ಟೆಲ್ಲ ಆಕೆಯ ಮೇಲೆ ತಿರುಗಿತು. "ನಿಮ್ಮಜ್ಜಿ ಸಾಯೋವರೆಗೂ ಹೀಗೇ ಊದ್ತಾ ಕೂತಿದ್ರಾ?" ಎಂದು ಕೇಳಿಯೇಬಿಟ್ಟೆ.

"ಇಲ್ಲ ಇಲ್ಲ," ಎಂದಳು ಆಕೆ ಬೆರಗಾಗಿ. "ನಾನು ಹುಟ್ಟೋಕೆ ಮುಂಚೆ ಅಜ್ಜಿ ಮನೆಗೆ ಗ್ಯಾಸ್ ಬಂತು. ಅವತ್ತೇ ಅಜ್ಜಿ ಇಟ್ಟಿಗೆ ತಂದರು, ಒಲೆ ಬಾಯಿ ಮುಚ್ಚಿದರು. ತಮ್ಮ ಕೈಯಲ್ಲೇ."

"ಮತ್ತೆ ನೀವು ಚಿಕ್ಕಂದಿನಲ್ಲಿ ತಿಂದ ಈ ಅಡುಗೆ?"

"ಗ್ಯಾಸ್. ಸಣ್ಣ ಉರಿ."

ನನ್ನ ಶಿವನೇ! ಆಕೆಯ ರಟ್ಟೆ ಹಿಡಿದು ಜಗಲಿಗೆ ಎಳೆದುಕೊಂಡು ಹೋದೆ. ಗಂಡ ಹಿಂದೆಯೇ ಬಂದ. "ಇನ್ನೊಂದು ಸಲ ಹೇಳಿ, ಇವರಿಗೆ ಕೇಳೋ ಹಾಗೆ," ಎಂದೆ. ಆಕೆ ಹೇಳಿದಳು. ಇಟ್ಟಿಗೆ ಇಟ್ಟದ್ದನ್ನು ಕೈಯಲ್ಲಿ ಮಾಡಿಯೂ ತೋರಿಸಿದಳು.

ಅತ್ತೆ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಒಲೆ ಮುಚ್ಚಿದ್ ಮ್ಯಾಲೆ ಮನೇಲಿ ಯಾರ್ಗೂ ಏನೂ ಆಗ್ನಿಲ್ವಾ?"

"ಅಜ್ಜಿ ಮತ್ತೆ ಮೂವತ್ತು ವರ್ಷ ಇದ್ದರು. ಗಟ್ಟಿಯಾಗಿ."

ಅತ್ತೆ ಬಾಯಲ್ಲಿದ್ದ ಎಲೆಅಡಿಕೆಯನ್ನು ಬೀದಿಗೆ ಉಗಿದರು. ಆಮೇಲೆ ಮಗನಿಗೆ, "ನಿನ್ ತಮ್ಮ ಬ್ಯಾರೆ ತಕ್ಕಳ್ಳಿ ಬುಡ್ಲಾ. ಅದಿಲ್ಲೇ ಇರ್ಲಿ," ಎಂದರು. ಅವನು ತಲೆಯಾಡಿಸಿದ.

ಸಿಲಿಂಡರ್ ಉಳಿಯಿತು. ನಾನು ಕುಣಿದಾಡಬೇಕಿತ್ತು. ಬದಲಿಗೆ ಒಳಗೆ ಹೋಗಿ ಪಾತ್ರೆ ಕುಕ್ಕಿದೆ. ಆರು ವರ್ಷ ಇವರ ಕಣ್ಣೆದುರಿಗೇ ಕೆಮ್ಮಿದ್ದೆ. ಡಾಕ್ಟರ ಚೀಟಿ ಇನ್ನೂ ಗೂಡಿನಲ್ಲೇ ಇತ್ತು. ಅದ್ಯಾವುದೂ ಕಿವಿಗೆ ಬೀಳದವರಿಗೆ, ಯಾವುದೋ ದೇಶದಲ್ಲಿ ಎಂದೋ ಸತ್ತ, ಮುಖ ಕೂಡ ನೋಡದ ಮುದುಕಿಯ ಮಾತು ಒಂದೇ ಏಟಿಗೆ ಕೇಳಿಸಿತ್ತು. ಗ್ಯಾಸು ಹಚ್ಚಿ ನಾಲ್ಕು ಲೋಟ ಕಾಫಿ ಕಾಸಿದೆ. ನನ್ನ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡೆ. ಉಳಿದ ಮೂರಕ್ಕೆ ಹಾಕಲಿಲ್ಲ. ಯಾರೂ ಕೇಳಲಿಲ್ಲ, ಸುಮ್ಮನೆ ಕುಡಿದರು.