ಕುರ್ಚಿಯ ಒಳಮೂಲೆ

ಅವರ ಬಲಗೈ ಹೆಬ್ಬೆರಳಿನ ಉಗುರು ಒಂದಿಷ್ಟು ಉದ್ದವಿತ್ತು, ಅಂಚಿಗೆ ಎಣ್ಣೆಯ ಕಪ್ಪು. ಅದನ್ನು ಅಚ್ಚಿನ ಉಕ್ಕಿನ ಮೇಲೆ ಮೆಲ್ಲಗೆ ಎಳೆದು, ಎಲ್ಲಿ ತಡೆಯಿತೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತಿದ್ದರು. ಹೂಟಗಳ್ಳಿಯ ನಮ್ಮ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಅಚ್ಚು ಮಾಡುವ ವಿಭಾಗಕ್ಕೆ ಅವರು ಫೋರ್‌ಮನ್. ನಾನು ಡಿಸೈನ್ ಓದಿ ಆಗಷ್ಟೇ ಸೇರಿದವಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಕಾಲೇಜಿನಲ್ಲಿ ಉರು ಹೊಡೆದ ಪದಗಳೆಲ್ಲ ಅವರ ಬಾಯಲ್ಲಿ ಅಡುಗೆಮನೆಯ ಮಾತಾಗುತ್ತಿದ್ದವು. ಅಚ್ಚಿನ ಡ್ರಾಫ್ಟ್ ಎಂದರೇನೆಂದು ನಾನು ಪುಸ್ತಕದ ವ್ಯಾಖ್ಯೆ ಒಪ್ಪಿಸಿದರೆ, "ಇಡ್ಲಿ ತಟ್ಟೆ ಗುಳಿ ಯಾಕಮ್ಮ ಇಳಿಜಾರಾಗಿರುತ್ತೆ? ನೆಟ್ಟಗಿದ್ರೆ ಇಡ್ಲಿ ಎದ್ದು ಬರುತ್ತಾ? ಅಷ್ಟೇ ಕಣಮ್ಮ ಡ್ರಾಫ್ಟು" ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು, ಸ್ವಲ್ಪ ತಾತ್ಸಾರವೂ ಇತ್ತು. ಈಗ ಮುಚ್ಚಿಟ್ಟು ಏನು ಪ್ರಯೋಜನ?

ನನ್ನ ಮೊದಲ ಕುರ್ಚಿಯಲ್ಲಿ ಕಾಲು ಆಸನಕ್ಕೆ ಸೇರುವ ಒಳಮೂಲೆಯನ್ನು ಚೂಪಾಗಿ ಬಿಟ್ಟಿದ್ದೆ. ಅದರ ಚೆಂದವೇ ಅದು ಎಂಬ ಹಟ ನನಗೆ. "ಮೂಲೆ ಗುಂಡಗೆ ಮಾಡಮ್ಮ. ಕೂತವ್ರ ಭಾರ ಎಲ್ಲಾ ಅಲ್ಲೇ ಬೀಳುತ್ತೆ, ಬಿರುಕು ಬುಟ್ಬುಡುತ್ತೆ" ಎಂದು ಎರಡು ಸಲ ನಕ್ಷೆ ಹಿಂದಿರುಗಿಸಿದರು. ಅವರ ಸಹಿ ಬೀಳದೆ ಯಾರೂ ಉಕ್ಕು ಕೊರೆಯುವಂತಿರಲಿಲ್ಲ. ಅದು ಅಲ್ಲಿಯ ಕಟ್ಟುಪಾಡು. ಮೂರನೇ ಸಲ ಹೋದಾಗ ಅವರು ಮರುದಿನದ ಕಣ್ಣಿನ ಪೊರೆಯ ಆಪರೇಷನ್‌ಗೆ ರಜೆ ಬರೆಯುತ್ತಿದ್ದರು. ನಕ್ಷೆಯನ್ನು ಹತ್ತಿರ ಹಿಡಿದು, ದೂರ ಹಿಡಿದು, ಕಡೆಗೆ "ತಿದ್ದಿದ್ಯೇನಮ್ಮ?" ಎಂದರು.

"ತಿದ್ದಿದೀನಿ ಸರ್" ಎಂದೆ. ತಿದ್ದಿರಲಿಲ್ಲ. ಅವರು ಸಹಿ ಹಾಕಿದರು.

ಎರಡೂ ಕಣ್ಣಿನ ಆಪರೇಷನ್ ಮುಗಿಸಿ ಅವರು ಬರುವಷ್ಟರಲ್ಲಿ ಅಚ್ಚು ಸಿದ್ಧವಾಗಿತ್ತು. ಭಾರ ಇಟ್ಟು ನೋಡಿದ ಕುರ್ಚಿಗಳೆಲ್ಲ ಆ ಮೂಲೆಯಲ್ಲೇ ಸೀಳಿಹೋಗಿದ್ದವು. ಮ್ಯಾನೇಜರ್ ಎಲ್ಲರ ಮುಂದೆ ನಕ್ಷೆ ಹಿಡಿದು ಕೇಳಿದಾಗ ಅವರು ನನ್ನ ಕಡೆ ಒಮ್ಮೆ ನೋಡಿದರು.

"ಸಹಿ ನಂದು ಸರ್. ಕಣ್ತಪ್ಪಿನಿಂದ ಆಗೋಯ್ತು" ಎಂದರು.

ನಾನು ಬಾಯಿ ಬಿಡಲಿಲ್ಲ. ಹೊರಗೆ ಬಂದ ಮೇಲೆ, "ಇನ್ಮೇಲಾದ್ರೂ ಮೂಲೆ ಗುಂಡಗೆ ಮಾಡು" ಎಂದಷ್ಟೇ ಹೇಳಿದರು. ನಿವೃತ್ತಿಯ ನಂತರ ಇನ್ನೆರಡು ವರ್ಷ ಅವರನ್ನೇ ಉಳಿಸಿಕೊಳ್ಳುವ ಮಾತಿತ್ತು, ಅದು ನಿಂತುಹೋಯಿತು. ನನ್ನ ಕೆಲಸ ಖಾಯಂ ಆಯಿತು.

ಹನ್ನೊಂದು ವರ್ಷವಾಯಿತು. ವಿದ್ಯಾರಣ್ಯಪುರಂನಲ್ಲಿದ್ದ ಅವರ ಮನೆಗೆ ಹೋಗಿ ಹೇಳಿಬಿಡಬೇಕೆಂದು ಪ್ರತಿ ಯುಗಾದಿಗೂ ಅಂದುಕೊಂಡು, ಸುಸ್ತು ಎಂಬ ನೆಪ ತೆಗೆದು ಸುಮ್ಮನಾಗುತ್ತಿದ್ದೆ. ಪೂರ್ತಿ ನೆಪವೂ ಅಲ್ಲ. ಆ ಒಂದು ಸುಳ್ಳನ್ನು ಹೊತ್ತು ಹೊತ್ತು ನಿಜಕ್ಕೂ ಸಾಕಾಗಿತ್ತು. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ತಿಳಿದ ಮೇಲೆ ಹೋದೆ.

ಅವರ ಹೆಂಡತಿ ಪಕ್ಕದಲ್ಲಿ ಕೂರಿಸಿಕೊಂಡರು. "ಮೂವತ್ತು ವರ್ಷ ಒಂದ್ ತಪ್ಪು ಮಾಡ್ದೋರಲ್ಲ. ಕಣ್ ಕಾಣ್ದಿದ್ದೋರು ಸಹಿ ಯಾಕಾಕಿದ್ರಿ ಅಂತ ಎಷ್ಟ್ ಸಲ ಬೈದ್ಬುಟ್ಟೆ. ಸುಮ್ನೆ ಕೇಳಿಸ್ಕೊಳ್ಳೋರು" ಎಂದರು.

"ಆ ತಪ್ಪು ನಂದಮ್ಮ. ತಿದ್ದಿದೀನಿ ಅಂತ ನಾನೇ ಸುಳ್ಳು ಹೇಳ್ದೆ."

ಅವರು ಕೂತಲ್ಲೇ ನನ್ನ ಕಡೆ ತಿರುಗಿದರು.

"ಅವ್ರಿದ್ದಾಗ ಬಂದು ಹೇಳಿದ್ರೆ, ನಾನು ಅವ್ರನ್ನ ಬೈತಿರ್ಲಿಲ್ಲ ಕಣಮ್ಮ" ಎಂದರು.