ನಶ್ಯದ ಡಬ್ಬಿಯ ಐದು ಹಲ್ಲು

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ನಾನು ಆಲೂರಿನಲ್ಲಿ ಹಲ್ಲು ಕೀಳುತ್ತಿದ್ದೆ. ಹೊಂಗಡಹಳ್ಳದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್‌ಗೆ ಗಾಳಿ ಸೋಕಿದರೂ ಬಲಗೆನ್ನೆಯಲ್ಲಿ ಸಿಡಿಲು ಹೊಡೆದಂಥ ನೋವು. ಮೇಲಿನ ಹಲ್ಲು ಕೆಳಗಿನದರ ಮೇಲೆ ಸರಿಯಾಗಿ ಕೂರುತ್ತಿಲ್ಲ, ಕಚ್ಚಿದಾಗಲೆಲ್ಲ ನರ ಜಗ್ಗುತ್ತೆ ಎಂದು ಹೇಳಿ, ಬಂದಾಗಲೆಲ್ಲ ಒಂದೊಂದು ಕಿತ್ತೆ. ಕಿತ್ತ ಹಲ್ಲನ್ನು ಸೂರಿನ ಮೇಲೆ ಎಸೆಯುವುದು ನಮ್ಮ ಕಡೆ ರೂಢಿ. ಅದಕ್ಕೇ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದೆ.

ಆರನೇ ಸಲ ಬಂದವನು ನಶ್ಯದ ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದ. ಐದೂ ಇದ್ದವು.

“ಒಂದ್ರಲ್ಲೂ ಹುಳುಕಿಲ್ಲ ಕಣ್ರೀ ಡಾಕ್ಟ್ರೇ. ನೋವು ಮಾತ್ರ ಅಲ್ಲೇ ಐತೆ.”

ಅದು ಮುಖದ ನರದ್ದೇ ಕಾಯಿಲೆ, ಹಲ್ಲಿನ ತಪ್ಪೇನೂ ಇರಲಿಲ್ಲವೆಂದು ಹಾಸನದ ಹಿರಿಯ ಡಾಕ್ಟರೊಬ್ಬರು ಆಮೇಲೆ ಹೇಳಿದರು.

ಅಂದಿನಿಂದ ಕಿತ್ತ ಹಲ್ಲನ್ನು ನಾನು ಯಾರ ಕೈಗೂ ಕೊಟ್ಟಿಲ್ಲ.