ಅಪ್ಪನ ಕಂಪ್ಯೂಟರಿಗೆ ಪೂಜೆಯಾದ ದಿನ

ಪುಣೆಯ ಮಾರ್ಕೆಟ್ ಯಾರ್ಡಿನಿಂದ ಹತ್ತು ನಿಮಿಷ ನಡೆದರೆ ಬೆಲ್ಲದ ವ್ಯಾಪಾರಿ ಸಿದ್ರಾಮಪ್ಪನ ಮನೆ. ಮನೆಯಲ್ಲಿದ್ದವರು ಇಬ್ಬರೇ, ಅವನೂ ಮಗಳು ಭುವನೇಶ್ವರಿಯೂ. ಎರಡು ಸಾವಿರದ ಮೂರನೆಯ ಇಸವಿಯ ಹೊತ್ತಿಗೆ ಅಲ್ಲಿ ಕಂಪ್ಯೂಟರುಗಳೂ ಎರಡಾಗಿದ್ದವು. ಪಡಸಾಲೆಯದು ಅಪ್ಪನದು, ಪೇಟೆಯ ಧಾರಣೆ ನೋಡಲಿಕ್ಕೆ. ಒಳಕೋಣೆಯ ಹಳೆಯದು ಮಗಳದು, ಕಾಲೇಜಿನವರ ಪ್ರಬಂಧಗಳನ್ನು ಟೈಪ್ ಮಾಡಿಕೊಡಲಿಕ್ಕೆ. ಇಂಟರ್ನೆಟ್ಟು ಮಾತ್ರ ಒಂದೇ. ಕೇಬಲ್ಲಿನವನು ಎಳೆದ ವಾಯರು ಅಪ್ಪನ ಕಂಪ್ಯೂಟರಿಗೆ ಬಂದು ಸೇರುತ್ತಿತ್ತು. ಅಲ್ಲಿಂದ ಗೋಡೆಗೆ ತೂತು ಕೊರೆದು ಇನ್ನೊಂದು ನೀಲಿ ವಾಯರನ್ನು ಮಗಳ ಕೋಣೆಗೆ ಬಿಟ್ಟಿದ್ದರು. ಅಪ್ಪನದು ನಡೆಯುತ್ತಿದ್ದರೆ ಮಗಳಿಗೂ ಇಂಟರ್ನೆಟ್ಟು. ಅಪ್ಪ ಬಂದ್ ಮಾಡಿದನೋ, ಮಗಳದೂ ಅಲ್ಲಿಗೇ ಮುಗಿಯಿತು.

ಹೀಗಾಗಿ ಇಪ್ಪತ್ತೆಂಟರ ಭುವನೇಶ್ವರಿ ಇತ್ತೀಚೆಗೆ ಭಾರೀ ಅಕ್ಕರೆಯ ಮಗಳಾಗಿದ್ದಳು. ಸಂಜೆ ಅಪ್ಪ ಕಂಪ್ಯೂಟರಿನ ಮುಂದೆ ಕೂತನೆಂದರೆ ಚಹಾ ಬರುವುದು, ಚಹಾದ ಬೆನ್ನಿಗೆ ಚುರುಮುರಿ ಬರುವುದು. "ಅಪ್ಪಾ, ಕೊಲ್ಲಾಪುರದ ಧಾರಣಿನೂ ಒಂದೀಟು ನೋಡಪಾ" ಎಂಬ ಸಲಹೆ ಬೇರೆ. ಬೆಲ್ಲದ ಮೇಲೆ ಅವಳಿಗೆ ಹೀಗೆ ಏಕಾಏಕಿ ಉಕ್ಕಿದ ಪ್ರೀತಿ ಕಂಡರೆ ಯಾರಿಗಾದರೂ ನಗು ಬರಬೇಕು. ಸಿದ್ರಾಮಪ್ಪ ಮಾತ್ರ ನಗದೆ, ಕನ್ನಡಕ ಏರಿಸಿಕೊಂಡು ಎಂಟರ ತನಕ ಕೂತಿರುತ್ತಿದ್ದ.

ಒಳಕೋಣೆಯಲ್ಲಿ ಅಂಬಾದಾಸನಿರುತ್ತಿದ್ದ. ಅಂದರೆ ಪರದೆಯ ಮೇಲೆ. ಕಲಬುರಗಿ ಕಡೆಯವನು, ಪುಣೆಯಿಂದ ಘಾಟು ದಾಟಿದರೆ ಸಿಗುವ ಭೋರಿನ ಶಾಲೆಯೊಂದರಲ್ಲಿ ಗಣಿತದ ಮಾಸ್ತರ. ಎಂಟು ತಿಂಗಳ ಹಿಂದೆ ಕನ್ನಡದವರ ಚಾಟ್ ರೂಮಿನಲ್ಲಿ ಪರಿಚಯವಾಗಿ, ಆಮೇಲೆ ಇಬ್ಬರೇ ಮಾತಾಡತೊಡಗಿದ್ದರು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಮಾತು. ಅವನ ಮುಖವನ್ನು ಅವಳು ಕಂಡಿರಲಿಲ್ಲ. ಅವನು ಬರೆಯುತ್ತಿದ್ದದ್ದು ಗುಡ್ಡದಿಂದ ಶಾಲೆಯ ಕಿಟಕಿಗೆ ಇಳಿದು ಬರುವ ಮೋಡ, ಮೋಡದಲ್ಲಿ ಕರಿಹಲಗೆ ಕಾಣದಾಗಿ ಪಾಠ ನಿಂತದ್ದು, ಇಂಥವೇ. ಓದುತ್ತ ಅವಳು ಒಬ್ಬಳೇ ನಗುತ್ತಿದ್ದಳು. ಅವನ ಉತ್ತರ ತಡವಾದರೆ ನೀಲಿ ವಾಯರನ್ನೇ ನೋಡುತ್ತ ಕೂಡುತ್ತಿದ್ದಳು. ಆ ಮಾತು ಈಗ ಎಲ್ಲಿರಬಹುದು? ಘಾಟಿನ ತಿರುವಿನಲ್ಲಿದೆಯೋ, ಕಾತ್ರಜ್ ದಾಟಿತೋ, ಅಪ್ಪನ ಕಾಲಬುಡದ ತನಕ ಬಂತೋ? ಬೆಲ್ಲದ ಧಾರಣೆಗಳ ನಡುವೆ ಮೈ ಹಿಂಡಿಕೊಂಡು ನುಸುಳಿ ಅದು ತನ್ನ ಹತ್ತಿರ ಬರುತ್ತದೆ ಎಂದು ನೆನೆದರೆ ಕೋಣೆಯೇ ಹಗುರಾಗಿ ತೇಲಿದಂತಾಗುತ್ತಿತ್ತು. ಪ್ರೀತಿಯೇ ಅದು, ಬೇರೆ ಹೆಸರು ಯಾಕೆ.

ದಸರೆಗೆ ನಾಲ್ಕು ದಿನ ಇರುವಾಗ ಅವನು ಬರೆದ. ನಾಗಪುರದಲ್ಲಿ ಕಾಯಂ ನೌಕರಿ ಸಿಕ್ಕಿದೆ, ಹಬ್ಬ ಮುಗಿದ ಮೇಲೆ ಹೊರಡುತ್ತಾನೆ. "ನನ್ನ ಲಗ್ನ ಆಗ್ತೀರೇನು? ವಿಚಾರ ಮಾಡಿ ಹೇಳ್ರಿ. ದಸರಾ ದಿನ ಪೂಜಾಕ್ಕ ಇಲ್ಲಿ ಸೈಬರ್ ಕೆಫೆ ಬಂದ್. ಹಿಂದಿನ ದಿನ ನಾಲ್ಕಕ್ಕ ಕೂತಿರ್ತೀನಿ. ನೀವು ಬರಲಿಲ್ಲಂದ್ರ ಒಲ್ಲೆ ಅಂದಂಗ ತಿಳೀತೀನಿ, ಈ ಹೆಸರು ಅಳಿಸಿ ಹೋಗಿಬಿಡ್ತೀನಿ." ಭುವನೇಶ್ವರಿ ಹಿಂದೆಮುಂದೆ ನೋಡದೆ, ಆಗಲಿ, ಆ ಹೊತ್ತಿಗೇ ಬಂದು ಹೇಳುತ್ತೇನೆ ಎಂದಳು.

ಮರಾಠಿ ಓಣಿಯಲ್ಲಿ ಹುಟ್ಟಿ ಬೆಳೆದವಳ ತಪ್ಪು ಅದು. ಅಲ್ಲಿನವರು ಹತಾರಗಳಿಗೆ ಪೂಜೆ ಮಾಡುವುದು ದಸರೆಯ ದಿನ. ವಿಜಾಪುರ ಕಡೆಯ ಸಿದ್ರಾಮಪ್ಪನ ಮನೆಯಲ್ಲಿ ಅದು ಹಿಂದಿನ ದಿನ, ಖಂಡೇನವಮಿಗೆ. ಪೂಜೆಗಿಟ್ಟ ಸಾಮಾನನ್ನು ಮರುದಿನದ ತನಕ ಯಾರೂ ಮುಟ್ಟುವಂತಿಲ್ಲ. ನವಮಿಯ ಮಧ್ಯಾಹ್ನ ಅಪ್ಪ ಕಂಪ್ಯೂಟರ್ ಬಂದ್ ಮಾಡಿ, ಪಕ್ಕದಲ್ಲಿ ತಕ್ಕಡಿ ಇಟ್ಟು, ಎರಡಕ್ಕೂ ವಿಭೂತಿ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದಾಗಲೇ ಅವಳಿಗೆ ನೆನಪಾದದ್ದು. ಫೋನ್ ನಂಬರನ್ನು ಇಬ್ಬರೂ ಕೇಳಿಕೊಂಡಿರಲಿಲ್ಲ. ಓಣಿಯ ಸೈಬರ್ ಕೆಫೆ ಗೂಳಪ್ಪನದು. ಅವನೂ ವಿಜಾಪುರ ಕಡೆಯವನೇ, ತನ್ನ ಮಷಿನ್ನುಗಳಿಗೆ ಪೂಜೆ ಮಾಡಿ ಶಟರ್ ಎಳೆದು ಇವರ ಪಡಸಾಲೆಯಲ್ಲೇ ಹೋಳಿಗೆ ತಿನ್ನುತ್ತ ಕೂತಿದ್ದ.

ಗೂಳಪ್ಪ ಎದ್ದು ಹೋಗುವಷ್ಟರಲ್ಲಿ ನಾಲ್ಕಕ್ಕೆ ಹತ್ತೇ ನಿಮಿಷವಿತ್ತು.

"ಅಪ್ಪಾ, ಕಂಪ್ಯೂಟರ್ ಹಚ್ಚಬೇಕಾಗೇದ."

"ಪೂಜಿ ಆಗೇದಲ್ಲವಾ. ನಾಳೆ ಹಚ್ಚೋಣು."

"ನಾಳೆ ಅಂದ್ರ ಆಗೂದಿಲ್ಲಪಾ." ಸುಳ್ಳೊಂದೂ ಹೊಳೆಯಲಿಲ್ಲ. ಭೋರು, ಮಾಸ್ತರ, ನಾಗಪುರ, ನಾಲ್ಕು ಗಂಟೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಸಿದ್ರಾಮಪ್ಪ ಕೂತಲ್ಲೇ ಕನ್ನಡಕ ತೆಗೆದು ಒರೆಸಿದ.

"ಧಾರಣಿ ನೋಡಾಕ ನನಗ ಹತ್ತು ಮಿನಿಟ ಸಾಕವಾ," ಎಂದ. "ಎಂಟರ ತನಕ ಯಾಕ ಕೂಡತಿದ್ದೆ ಅಂತ ತಿಳಿದೀ? ನಿಮ್ಮವ್ವ ಹೋದ ಮ್ಯಾಲೆ ಈ ಮನ್ಯಾಗ ನಗೂ ಸಪ್ಪಳ ಕೇಳಿದ್ದು ಈಗನ. ನಾ ಎದ್ರ ಅದು ನಿಂತು ಬಿಡ್ತಿತ್ತು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಎದ್ದು, ಕಂಪ್ಯೂಟರಿಗೆ ಕೈ ಮುಗಿದು, ಮಾಲೆ ತೆಗೆದು ತಕ್ಕಡಿಯ ಮೇಲಿಟ್ಟ. ಬಟನ್ನನ್ನು ತಾನೇ ಒತ್ತಿದ.

"ಮುಖಾನ ನೋಡಲಾರದ ಅಂವಗ ಹೂಂ ಅನ್ನಾಕ ಹೊಂಟೀಯಲ್ಲ, ಶಾಣ್ಯಾಕಿ! ಮೊದಲ ಮನಿಗೆ ಕರಿ. ನಾನೂ ನೋಡ್ತೀನಿ."

ಒಳಕೋಣೆಯ ಹಳೆಯ ಯಂತ್ರ ಏಳಲಿಕ್ಕೆ ತನ್ನ ಹೊತ್ತು ತಾನು ತೆಗೆದುಕೊಂಡಿತು. ಪರದೆ ಬೆಳಗಿದಾಗ ನಾಲ್ಕು ದಾಟಿತ್ತು. ಅವನ ಹೆಸರು ಇನ್ನೂ ಇತ್ತು. ಅದರ ಕೆಳಗೆ "ಅದೀರೇನು?" ಎಂದಿತ್ತು, ಮತ್ತೆ ಅದೇ, ಮತ್ತೆ ಅದೇ. ಎಂಟು ತಿಂಗಳು ಉದ್ದುದ್ದ ಬರೆದವಳಿಗೆ ಈಗ ಬೆರಳು ಏಳಲೊಲ್ಲವು. ಹೊರಗೆ ಅಪ್ಪ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿತು. ಆಗ ಅವಳು ಬರೆದಳು:

"ಅದೀನ್ರಿ. ನಾಳೆ ಮನಿಗೆ ಬರ್ರಿ, ದಸರಾದ ಬನ್ನಿ ಎಲಿ ತಗೊಂಡು. ನಮ್ಮಿಬ್ಬರ ಸಲುವಾಗಿ ಅಪ್ಪ ಪೂಜಿ ಮುರದಾರ."